ಪಟ್ಟಿಯಲ್ಲೊಂದು ಹೆಸರು



ನಿಮ್ಮ ಬೀದಿಯಲ್ಲಿ ಹೊಸಬರೊಬ್ಬರು ಪುಟ್ಟ ಹಾರ್ಡ್‌ವೇರ್ ಅಂಗಡಿ ತೆರೆದಿದ್ದಾರೆ ಎಂದುಕೊಳ್ಳಿ. ಅವರಿಗೆ ಲೆಕ್ಕ ಬರೆದುಕೊಡುವವರು ಬೇಕು. ಅದೇ ಬೀದಿಯ ಮಹಡಿಯೊಂದರಲ್ಲಿ ಮೂವತ್ತು ವರ್ಷಗಳಿಂದ ಆ ಕೆಲಸವನ್ನೇ ಮಾಡುತ್ತಿರುವವರು ಇದ್ದಾರೆ. ಆದರೂ ಹೊಸಬರು ಆ ಮೆಟ್ಟಿಲು ಹತ್ತುವುದಿಲ್ಲ. ಐದು ಕಿಲೋಮೀಟರ್ ದೂರದ ಬೇರೊಬ್ಬರ ಬಳಿ ಹೋಗುತ್ತಾರೆ. ಕಾರಣವಿಷ್ಟೆ: ಕೈಯಲ್ಲಿದ್ದ ಫೋನು ಆ ದೂರದ ಹೆಸರನ್ನು ತೋರಿಸಿತು, ಹತ್ತಿರದ ಹೆಸರನ್ನು ತೋರಿಸಲಿಲ್ಲ.

ಇದು ಕಂಪ್ಯೂಟರ್ ಯುಗದ ಸಮಸ್ಯೆ ಎಂದು ನಿಮಗೆ ಅನ್ನಿಸಬಹುದು. ಹಾಗಲ್ಲ. ಕೆಲಸ ಬಲ್ಲವರಿಗೂ ಕೆಲಸ ಬೇಕಾದವರಿಗೂ ನಡುವೆ ಒಂದು ಪಟ್ಟಿ, ಆ ಪಟ್ಟಿಯನ್ನು ಹಿಡಿದು ಕುಳಿತ ಒಬ್ಬ ಮಧ್ಯವರ್ತಿ ಎಂಬ ಏರ್ಪಾಡಿಗೆ ಮುನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಹೇಳಿ ಮುಗಿಸಲಾಗದ ಆ ಕಥೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ವಿಳಾಸ ಬೇಕಿಲ್ಲದ ಕಾಲ

ನಮ್ಮ ಹಳ್ಳಿಗಳಿಂದಲೇ ಹೊರಡೋಣ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಲೆಕ್ಕವೆಂದರೆ ಶಾನುಭೋಗರು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಡತದಲ್ಲಿ ಬಳಪದಿಂದ ಊರಿನ ಲೆಕ್ಕ ಬರೆಯುತ್ತಿದ್ದ ಕಾಲವದು. ಶಾನುಭೋಗರ ಮನೆ ಎಲ್ಲಿ ಎಂದು ಕೇಳಿದರೆ ಊರಿನ ಮಗುವೂ ಕೈತೋರಿಸುತ್ತಿತ್ತು. ಅವರಿಗೆ ನಾಮಫಲಕ ಬೇಕಿರಲಿಲ್ಲ. ವಂಶಪಾರಂಪರ್ಯದ ಈ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದುಪಡಿಸಿತು.

ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಪಟ್ಟಿಯ ಅಗತ್ಯವಿಲ್ಲ. ಅಪರಿಚಿತರು ಬಂದು ಸೇರುವ ನಗರದಲ್ಲಿ ಅದು ಬೇಕಾಗುತ್ತದೆ. ಆದ್ದರಿಂದ ನಮ್ಮ ಕಥೆಯ ಮುಂದಿನ ನಿಲ್ದಾಣ ಹದಿನೇಳನೆಯ ಶತಮಾನದ ಲಂಡನ್.

ಅಚ್ಚಾದ ಮೊದಲ ಪಟ್ಟಿಗಳು

1677ರಲ್ಲಿ ಸ್ಯಾಮ್ಯುಯೆಲ್ ಲೀ ಎಂಬ ಪ್ರಕಾಶಕ ಲಂಡನ್ನಿನ ವರ್ತಕರ ಹೆಸರುಗಳನ್ನು ಒಂದು ಪುಟ್ಟ ಪುಸ್ತಕವಾಗಿ ಹೊರತಂದ. ಆ ನಗರದ ವರ್ತಕರ ಅಚ್ಚಾದ ವಿಳಾಸ ಪಟ್ಟಿಗಳಲ್ಲಿ ಅದೇ ಮೊದಲನೆಯದು. ಅದರ ಕೊನೆಯಲ್ಲಿ ಇನ್ನೊಂದು ಚಿಕ್ಕ ಪಟ್ಟಿಯಿತ್ತು. ಜನರ ಹಣವನ್ನು ಇಟ್ಟುಕೊಂಡು, ಅದಕ್ಕೆ ಲೆಕ್ಕವಿಟ್ಟು, ಕೇಳಿದಾಗ ಕೊಡುತ್ತಿದ್ದ ಅಕ್ಕಸಾಲಿಗರ ಹೆಸರುಗಳು ಅದರಲ್ಲಿದ್ದವು. ಮುಂದೆ ಬ್ಯಾಂಕರುಗಳಾದವರು ಇಂಥವರೇ. ಹಣದ ಲೆಕ್ಕವನ್ನು ಯಾರ ಕೈಗೆ ಒಪ್ಪಿಸಬಹುದು ಎಂಬ ಪ್ರಶ್ನೆಗೆ ಅಚ್ಚಾದ ಪಟ್ಟಿ ಉತ್ತರ ಹೇಳತೊಡಗಿದ್ದು ಅಂದಿನಿಂದ.

ಒಂದು ಸಂಗತಿಯನ್ನು ಗಮನಿಸಿ. ಆ ಕಾಲದ ಲಂಡನ್ನಿನಲ್ಲಿ ಮನೆಗಳಿಗೆ ಸಂಖ್ಯೆಗಳಿರಲಿಲ್ಲ. ಅಂಗಡಿಯ ಮುಂದೆ ತೂಗುಹಾಕಿದ ಚಿತ್ರದ ಫಲಕವೇ ಗುರುತು. ಮನೆಗಳಿಗೆ ಸಂಖ್ಯೆ ಕೊಡುವ ಪದ್ಧತಿ ಅಲ್ಲಿ ನೆಲೆಯೂರಿದ್ದು 1760ರ ದಶಕದಲ್ಲಿ. ಖಚಿತವಾದ ವಿಳಾಸ ದೊರೆತ ಮೇಲೆ ಪಟ್ಟಿ ಮಾಡುವುದೇ ಒಂದು ಉದ್ಯಮವಾಯಿತು.

ಆ ಉದ್ಯಮದ ದೊಡ್ಡ ಹೆಸರು ಫ್ರೆಡರಿಕ್ ಕೆಲ್ಲಿ. ಲಂಡನ್ನಿನ ಅಂಚೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಈತ 1836ರಲ್ಲಿ ಅಲ್ಲಿನ ಅಂಚೆ ವಿಳಾಸ ಪುಸ್ತಕವನ್ನು ತನ್ನದಾಗಿಸಿಕೊಂಡ. ಪುಸ್ತಕಕ್ಕೆ ಬೇಕಾದ ಮಾಹಿತಿಯನ್ನು ತನ್ನ ಕೈಕೆಳಗಿನ ಅಂಚೆಯವರಿಂದಲೇ ಸಂಗ್ರಹಿಸಿದ. ಸರ್ಕಾರಿ ನೌಕರರ ಓಡಾಟದಿಂದ ಒಬ್ಬನ ಖಾಸಗಿ ಪುಸ್ತಕ ಬೆಳೆಯುವುದು ಸರಿಯೇ ಎಂಬ ಆಕ್ಷೇಪ ಆಗಲೇ ಎದ್ದಿತು. ಪಟ್ಟಿ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಪಟ್ಟಿ ಯಾರದು? ಈ ಪ್ರಶ್ನೆಯನ್ನು ನೆನಪಿಡಿ.

ಒಬ್ಬ ಶವಸಂಸ್ಕಾರಕನ ಸಿಟ್ಟು

1878ರ ಫೆಬ್ರವರಿ 21ರಂದು ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಒಂದೇ ಹಾಳೆಯ ಪಟ್ಟಿಯೊಂದು ಅಚ್ಚಾಯಿತು. ಅದರಲ್ಲಿ 50 ಹೆಸರುಗಳಿದ್ದವು. ಜಗತ್ತಿನ ಮೊದಲ ದೂರವಾಣಿ ಪಟ್ಟಿ ಅದು. ಹೆಸರುಗಳಿದ್ದವೇ ಹೊರತು ಅವುಗಳ ಮುಂದೆ ಸಂಖ್ಯೆಗಳಿರಲಿಲ್ಲ. ಚಂದಾದಾರ ಹೆಸರು ಹೇಳಿದರೆ, ವಿನಿಮಯ ಕೇಂದ್ರದಲ್ಲಿ ಕುಳಿತವರು ಕೈಯಿಂದ ತಂತಿ ಜೋಡಿಸಿ ಮಾತಿಗೆ ದಾರಿ ಮಾಡಿಕೊಡುತ್ತಿದ್ದರು.

ಇಲ್ಲಿ ಆಲ್ಮನ್ ಸ್ಟ್ರೋಜರ್ ಎಂಬಾತನ ಪ್ರವೇಶವಾಗುತ್ತದೆ. ಈತ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯವನು. ಕರೆ ಮಾಡುವವರು ತನ್ನನ್ನು ಕೇಳಿದರೂ ವಿನಿಮಯ ಕೇಂದ್ರದವರು ಕರೆಯನ್ನು ತನ್ನ ಪ್ರತಿಸ್ಪರ್ಧಿಗೆ ಕೊಡುತ್ತಿದ್ದಾರೆ ಎಂಬ ಸಂಶಯ ಇವನಿಗೆ ಬಂತಂತೆ. ಅಲ್ಲಿದ್ದವಳು ಆ ಪ್ರತಿಸ್ಪರ್ಧಿಯ ಹೆಂಡತಿಯೇ ಎಂದು ಕಥೆ ಹೇಳುವವರಿದ್ದಾರೆ. ಕಥೆಯಲ್ಲಿ ಎಷ್ಟು ಉಪ್ಪುಖಾರ ಸೇರಿದೆಯೋ, ಅದರ ಫಲ ಮಾತ್ರ ದಾಖಲಾಗಿದೆ. ಮಧ್ಯವರ್ತಿಯೇ ಬೇಡದ ಯಂತ್ರವೊಂದಕ್ಕೆ ಸ್ಟ್ರೋಜರ್ 1891ರಲ್ಲಿ ಪೇಟೆಂಟ್ ಪಡೆದ. 1892ರಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಊರಿನಲ್ಲಿ ಆ ಯಂತ್ರದ ಮೊದಲ ಸಾರ್ವಜನಿಕ ಕೇಂದ್ರ ಕೆಲಸ ಆರಂಭಿಸಿತು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರ ತತ್ವ ಸುಲಭವಾಗಿ ತಿಳಿಯುತ್ತದೆ. ನೀವು ತಿರುಗಿಸಿದ ಅಂಕಿ ಅಷ್ಟೇ ಸಂಖ್ಯೆಯ ವಿದ್ಯುತ್ ಮಿಡಿತಗಳಾಗಿ ಹೋಗುತ್ತದೆ. ಪ್ರತಿ ಮಿಡಿತಕ್ಕೂ ಒಂದು ಲೋಹದ ತೋಳು ಒಂದು ಹೆಜ್ಜೆ ಮೇಲೇರುತ್ತದೆ. ಮುಂದಿನ ಅಂಕಿಗೆ ಅಷ್ಟೇ ಹೆಜ್ಜೆ ಅಡ್ಡಲಾಗಿ ಸರಿಯುತ್ತದೆ. ಹತ್ತು ಸಾಲು, ಸಾಲಿಗೆ ಹತ್ತು ಬಿಂದು. ಒಟ್ಟು ನೂರು ಬಿಂದುಗಳಲ್ಲಿ ಬೇಕಾದದ್ದನ್ನು ಯಂತ್ರವೇ ಮುಟ್ಟುತ್ತದೆ. 1948ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭದ ವರ್ಷಗಳಲ್ಲಿ ತಯಾರಿಸಿದ್ದು ಈ ಸ್ಟ್ರೋಜರ್ ಪದ್ಧತಿಯ ಉಪಕರಣಗಳನ್ನೇ. ಒಬ್ಬ ಚಿಕ್ಕ ವ್ಯಾಪಾರಿಯ ಸಿಟ್ಟಿನಿಂದ ಹುಟ್ಟಿದ ಯಂತ್ರ ದೂರವಾಣಿನಗರದವರೆಗೆ ಬಂತು!

ಮೊದಲ ಸಾಲಿನ ಆಸೆ

ತಂತಿ ಜೋಡಿಸುವವರು ಹೋದರೂ ಪಟ್ಟಿ ಉಳಿಯಿತು. 1880ರ ದಶಕದಲ್ಲಿ ಅಮೆರಿಕದಲ್ಲಿ ವೃತ್ತಿವಾರು ವಿಂಗಡಿಸಿದ ಹಳದಿ ಪುಟಗಳು ಬಂದವು. ಒಂದು ಶೀರ್ಷಿಕೆಯ ಕೆಳಗೆ ಹೆಸರುಗಳು ಅಕ್ಷರಾನುಕ್ರಮದಲ್ಲಿ ನಿಲ್ಲುತ್ತವೆ. ಓದುವವರು ಮೇಲಿನಿಂದ ಕೆಳಗೆ ಓದುತ್ತಾರೆ. ಇದನ್ನು ಕಂಡ ವ್ಯಾಪಾರಿಗಳು ಏನು ಮಾಡಿದರು ಬಲ್ಲಿರಾ? ಅಂಗಡಿಯ ಹೆಸರಿನ ಮುಂದೆ 'ಎ' ಅಕ್ಷರ ಸೇರಿಸಿದರು. ಪಕ್ಕದವನು ಎರಡು 'ಎ' ಸೇರಿಸಿದ. ಇನ್ನೊಬ್ಬ ಮೂರು. ಕೊನೆಗೆ ಎಲ್ಲರೂ ಎದ್ದು ನಿಂತ ಸಭೆಯಂತಾಯಿತು. ಯಾರಿಗೂ ಹೆಚ್ಚು ಕಾಣಿಸಲಿಲ್ಲ.

ಪಟ್ಟಿಯ ತಪ್ಪಿನಿಂದ ಆಗುವ ನಷ್ಟವನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ನನ್ನ ಸೋದರಮಾವ ಬೆಂಗಳೂರಿನ ಪೇಟೆಯ ಗಲ್ಲಿಯೊಂದರಲ್ಲಿ ಅಂಗಡಿಗಳಿಗೆ ಲೆಕ್ಕ ಬರೆಯುತ್ತಿದ್ದರು. ನಾನು ಶಾಲೆಯಲ್ಲಿದ್ದಾಗ, ಒಂದು ವರ್ಷ ವರ್ತಕರ ಕೈಪಿಡಿಯೊಂದಕ್ಕೆ ಹಣ ಕಟ್ಟಿ ಹೆಸರು ಸೇರಿಸಿದರು. ಪುಸ್ತಕ ಬಂದಾಗ ಫೋನ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿತ್ತು. ಕರೆಗಳೆಲ್ಲ ಯಾರದೋ ಮನೆಗೆ ಹೋದವು. ಹಳೆಯ ಗಿರಾಕಿಯೊಬ್ಬರು, "ಏನು ಸ್ವಾಮಿ, ಅಂಗಡಿ ಮುಚ್ಚಿದಿರಾ?" ಎಂದು ಹುಡುಕಿಕೊಂಡು ಬಂದಾಗಲೇ ವಿಷಯ ತಿಳಿದದ್ದು. ಮುಂದಿನ ಮುದ್ರಣಕ್ಕೆ ಒಂದು ವರ್ಷ ಕಾಯಬೇಕಿತ್ತು. ಇನ್ನೊಬ್ಬರ ಲೆಕ್ಕದಲ್ಲಿ ಒಂದು ಪೈಸೆ ತಪ್ಪಲು ಬಿಡದ ಮಾವ, ತಮ್ಮ ಹೆಸರಿನ ಮುಂದಿನ ಒಂದು ಅಂಕಿಗಾಗಿ ಏನೂ ಮಾಡಲಾಗದೆ ಕುಳಿತಿದ್ದರು.

ಕಂಪ್ಯೂಟರ್ ಪಟ್ಟಿ ಹಿಡಿದಾಗ

1994ರಲ್ಲಿ ಆರಂಭವಾದ ಯಾಹೂ, ಅಂತರಜಾಲದ ತಾಣಗಳನ್ನು ಮನುಷ್ಯರೇ ನೋಡಿ ವಿಂಗಡಿಸಿದ ಪಟ್ಟಿಯಾಗಿತ್ತು. 1996ರಲ್ಲಿ ಮುಂಬೈಯಲ್ಲಿ ಆರಂಭವಾದ ಜಸ್ಟ್ ಡಯಲ್, ಫೋನಿನಲ್ಲಿ ಕೇಳಿದವರಿಗೆ ಹತ್ತಿರದ ವ್ಯಾಪಾರಿಯ ಸಂಖ್ಯೆ ಹೇಳುವ ಸೇವೆ ಕೊಟ್ಟಿತು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಬೇರೊಂದು ದಾರಿ ತೋರಿಸಿದರು. ಒಂದು ಪುಟದ ಯೋಗ್ಯತೆಯನ್ನು ಆ ಪುಟವೇ ಹೇಳಿಕೊಳ್ಳುವ ಮಾತಿನಿಂದಷ್ಟೇ ಅಳೆಯದೆ, ಬೇರೆ ಎಷ್ಟು ಪುಟಗಳು, ಎಂಥ ಪುಟಗಳು ಅದರ ಕಡೆಗೆ ಬೊಟ್ಟು ಮಾಡುತ್ತವೆ ಎಂಬುದರಿಂದಲೂ ಅಳೆಯುವುದು. ನಿಮ್ಮ ತರಗತಿಯಲ್ಲಿ "ಗಣಿತಕ್ಕೆ ಯಾರನ್ನು ಕೇಳಲಿ?" ಎಂದರೆ ಹೆಚ್ಚು ಮಂದಿ, ಅದರಲ್ಲೂ ಗಣಿತ ಬಲ್ಲವರು, ಯಾರ ಹೆಸರು ಹೇಳುತ್ತಾರೋ ಅವರೇ ಮೊದಲಿಗರು. ತತ್ವ ಅಷ್ಟೇ. ಗೂಗಲ್ ಹುಟ್ಟಿದ್ದು ಹೀಗೆ.

2005ರಲ್ಲಿ ಗೂಗಲ್ ನಕ್ಷೆಗಳು ಬಂದವು. ನಮ್ಮ ಊರುಗಳ ಒಳಬೀದಿಗಳಿಗೆ ಆಗ ಸರಿಯಾದ ನಕ್ಷೆಗಳಿರಲಿಲ್ಲ. ಜನರೇ ತಮ್ಮ ಬೀದಿಯನ್ನು, ಅಂಗಡಿಯನ್ನು, ದೇವಸ್ಥಾನವನ್ನು ನಕ್ಷೆಗೆ ಸೇರಿಸುವ ಮ್ಯಾಪ್ ಮೇಕರ್ ಎಂಬ ಸಾಧನ 2008ರಲ್ಲಿ ಬಂತು. ಅದರ ಕೆಲಸ ಮೊಳೆತದ್ದು ಆ ಕಂಪನಿಯ ಬೆಂಗಳೂರು ಕಚೇರಿಯಲ್ಲಿ. 2015ರಲ್ಲಿ ಕೆಲವರು ನಕ್ಷೆಯಲ್ಲಿ ಕಿಡಿಗೇಡಿ ಚಿತ್ರ ಬಿಡಿಸಿದ್ದರಿಂದ ಅದನ್ನು ಕೆಲಕಾಲ ನಿಲ್ಲಿಸಬೇಕಾಯಿತು. 2017ರಲ್ಲಿ ಮುಚ್ಚಿ, ಅದರ ಕೆಲಸವನ್ನು ನಕ್ಷೆಗಳ ಸೇವೆಯಲ್ಲೇ ಸೇರಿಸಿದರು. ವ್ಯಾಪಾರಿಗಳು ತಮ್ಮ ವಿವರವನ್ನು ತಾವೇ ನೋಡಿಕೊಳ್ಳುವ ವ್ಯವಸ್ಥೆ 2014ರಲ್ಲಿ ಒಂದು ಹೆಸರಿನಿಂದ ಬಂದು, 2021ರಿಂದ ಬಿಸಿನೆಸ್ ಪ್ರೊಫೈಲ್ ಎನಿಸಿಕೊಂಡಿದೆ.

ಮೂರು ಹಳೆಯ ಪ್ರಶ್ನೆಗಳು

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಲೆಕ್ಕ ಬರೆಯುವವರನ್ನು ಹುಡುಕುವ ಸಣ್ಣ ವ್ಯಾಪಾರಿಗಳು ಬಹಳ. ಆ ಗಲ್ಲಿಯಲ್ಲಿ ಈಗ ಮಾವನ ಮಗಳು ಅದೇ ಕೆಲಸ ಮುಂದುವರಿಸಿದ್ದಾಳೆ. ನಕ್ಷೆಯಲ್ಲಿ ಅವಳ ಕಚೇರಿ ಹಳೆಯ ಕಟ್ಟಡದಲ್ಲೇ ನಿಂತಿತ್ತು. ಹಾಗಾದರೆ ಆ ಯಂತ್ರ ಹೆಸರುಗಳನ್ನು ಯಾವ ಕ್ರಮದಲ್ಲಿ ನಿಲ್ಲಿಸುತ್ತದೆ? ಗೂಗಲ್ ಬಹಿರಂಗವಾಗಿ ಹೇಳುವ ಅಳತೆಗಳು ಮೂರು: ಕೇಳಿದ್ದಕ್ಕೂ ನಿಮ್ಮ ಕೆಲಸಕ್ಕೂ ಹೊಂದಿಕೆ, ದೂರ, ಪ್ರಸಿದ್ಧಿ. ಜಾಹೀರಾತಿನ ಜಾಗ ಬೇರೆ. ಈ ಕ್ರಮದಲ್ಲಿ ಮೇಲಿನ ಸ್ಥಾನವನ್ನು ಹಣಕ್ಕೆ ಮಾರುವುದಿಲ್ಲ ಎಂದೂ ಅದು ಹೇಳುತ್ತದೆ. ನೀವೇನು ಮಾಡುತ್ತೀರಿ, ಎಲ್ಲಿದ್ದೀರಿ, ನಿಮ್ಮನ್ನು ಯಾರು ಬಲ್ಲರು? ಪೇಟೆಯಲ್ಲಿ ಹಿಂದಿನವರೂ ಕೇಳುತ್ತಿದ್ದುದು ಇವನ್ನೇ ಅಲ್ಲವೆ?

ಮೊದಲನೆಯದಕ್ಕೆ ಉತ್ತರ ಸ್ಪಷ್ಟತೆ. 'ಎಲ್ಲ ಬಗೆಯ ಸೇವೆ' ಎಂದರೆ ಯಂತ್ರಕ್ಕೂ ತಿಳಿಯದು, ಮನುಷ್ಯರಿಗೂ ತಿಳಿಯದು. ದಿನದ ಲೆಕ್ಕ, ಸಂಬಳದ ಪಟ್ಟಿ, ಜಿಎಸ್‌ಟಿ ವಿವರ ಸಲ್ಲಿಕೆ ಎಂದು ಬಿಡಿಸಿ ಬರೆಯಬೇಕು. ಗಿರಾಕಿಗಳು ಕನ್ನಡದಲ್ಲಿ ಹುಡುಕುವವರಾದರೆ ಕನ್ನಡದಲ್ಲೂ ಬರೆಯಬೇಕು.

ಎರಡನೆಯದಕ್ಕೆ ಉತ್ತರ ನಿಖರತೆ. ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳು 1494ನ್ನು ನೆನೆಯಿರಿ. ಆ ವರ್ಷ ವೆನಿಸ್ಸಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಲೂಕಾ ಪಚೋಲಿ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿದ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವುದು. ಎರಡೂ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯುವುದು. ಹುಡುಕುವ ಯಂತ್ರವೂ ಒಂದು ರೀತಿಯಲ್ಲಿ ತಾಳೆ ನೋಡುತ್ತದೆ. ನಕ್ಷೆಯಲ್ಲಿ ಒಂದು ಫೋನ್ ಸಂಖ್ಯೆ, ಬೇರೆ ಪಟ್ಟಿಯಲ್ಲಿ ಇನ್ನೊಂದು, ನಾಮಫಲಕದಲ್ಲಿ ಮೂರನೆಯ ಹೆಸರು ಇದ್ದರೆ ಯಂತ್ರಕ್ಕೂ ಗೊಂದಲ, ಗಿರಾಕಿಗೂ ಗೊಂದಲ. ಮಾವನ ಮಗಳು ಒಂದು ಭಾನುವಾರ ಕುಳಿತು ಎಲ್ಲ ಕಡೆಯ ಹೆಸರು, ವಿಳಾಸ, ಸಂಖ್ಯೆ, ಕಚೇರಿಯ ವೇಳೆಗಳನ್ನು ಒಂದೇ ರೀತಿ ಮಾಡಿದಳು. ಅವಳ ಅಪ್ಪ ಒಂದು ವರ್ಷ ಕಾದದ್ದನ್ನು ಅವಳು ಒಂದು ದಿನದಲ್ಲಿ ತಿದ್ದಿದಳು. ಈ ಕಾಲದ ದೊಡ್ಡ ಅನುಕೂಲವೆಂದರೆ ಇದೇ.

ಮೂರನೆಯದಕ್ಕೆ ಉತ್ತರ ಗಿರಾಕಿಗಳ ಮಾತು. ಹಳೆಯ 'ಎ' ಅಕ್ಷರದ ಆಟ ಇಲ್ಲಿ ಹೊಸ ವೇಷದಲ್ಲಿ ಬಂದಿದೆ. ಅಂಗಡಿಯ ಹೆಸರಿನೊಳಗೆ ಬಡಾವಣೆಯ ಹೆಸರು, 'ಅತ್ಯುತ್ತಮ', 'ಅಗ್ಗ' ಎಂಬ ಪದಗಳನ್ನು ತುರುಕುವುದು, ಹಣ ಕೊಟ್ಟು ಹೊಗಳಿಕೆ ಬರೆಯಿಸುವುದು. ಎರಡೂ ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಪಟ್ಟಿಯಿಂದ ಹೆಸರೇ ಹೋಗಬಹುದು. ಸುಳ್ಳು ವಿಮರ್ಶೆಗಳನ್ನು ತಡೆಯಲೆಂದು ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಒಂದು ಮಾನಕವನ್ನೇ ರೂಪಿಸಿತು. ಕೆಲಸ ಮುಗಿದ ಮೇಲೆ ನಿಜವಾದ ಗಿರಾಕಿಯನ್ನು "ನಿಮಗೆ ಅನ್ನಿಸಿದ್ದನ್ನು ಬರೆಯಿರಿ" ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬರೆದವರಿಗೆ ಉತ್ತರಿಸುವಾಗ ಅವರ ಲೆಕ್ಕದ ಗುಟ್ಟು ಹೊರಬೀಳದಂತೆ ನೋಡಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ಲೆಕ್ಕ ಬರೆಯುವವರೆಲ್ಲ ಚಾರ್ಟರ್ಡ್ ಅಕೌಂಟೆಂಟರಲ್ಲ. 1949ರ ಕಾಯ್ದೆಯಂತೆ ಸದಸ್ಯತ್ವವಿಲ್ಲದವರು ಆ ಹೆಸರು ಹಾಕಿಕೊಳ್ಳುವುದು ಅಪರಾಧ. ಆ ಪದ ಹುಡುಕುವವರು ಹೆಚ್ಚೆಂದು ಅದನ್ನು ತಮ್ಮ ವಿವರದಲ್ಲಿ ಸೇರಿಸುವಂತಿಲ್ಲ.

ಪಟ್ಟಿ ಯಾರದು?

ಈಗ ನೆನಪಿಡಿ ಎಂದಿದ್ದ ಪ್ರಶ್ನೆಗೆ ಬರೋಣ. ಸ್ಟ್ರೋಜರ್ ತಂತಿ ಜೋಡಿಸುವವರನ್ನು ತೆಗೆದ. ಇಂದು ಇನ್ನೂ ದೊಡ್ಡ ಮಧ್ಯವರ್ತಿ ನಮ್ಮ ನಡುವೆ ಕುಳಿತಿದ್ದಾನೆ. 2018ರ ಫೆಬ್ರವರಿಯಲ್ಲಿ ಭಾರತದ ಸ್ಪರ್ಧಾ ಆಯೋಗವು ಹುಡುಕಾಟದ ಫಲಿತಾಂಶಗಳಲ್ಲಿ ಪಕ್ಷಪಾತ ಮಾಡಿದ ಕಾರಣಕ್ಕೆ ಗೂಗಲ್‌ಗೆ ಸುಮಾರು 136 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿ ಅದರ ಮೇಲೆ ಮೇಲ್ಮನವಿ ಸಲ್ಲಿಸಿತು. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯವೊಂದು ಹುಡುಕಾಟದಲ್ಲಿ ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು ತೀರ್ಪಿತ್ತಿತು. ಕ್ರಮವನ್ನು ನಿರ್ಧರಿಸುವವರು ಅದನ್ನು ಬದಲಿಸಲೂಬಲ್ಲರು. ಹೀಗಾಗಿ ಪರರ ಪಟ್ಟಿಯಲ್ಲಿ ಹೆಸರು ಸರಿಯಾಗಿರಲಿ; ಜೊತೆಗೆ ತಮ್ಮದೇ ಗಿರಾಕಿಗಳ ಹೆಸರು ಮತ್ತು ಸಂಖ್ಯೆಯ ಒಂದು ಪುಸ್ತಕ ಕೈಯಲ್ಲಿರಲಿ. ಮಾವನ ಕಷ್ಟದ ವರ್ಷದಲ್ಲಿ ಅವರ ಮನೆಯ ಒಲೆ ಉರಿದದ್ದು ಅಂಥ ಪುಸ್ತಕದಲ್ಲಿದ್ದ ಹಳೆಯ ಗಿರಾಕಿಗಳಿಂದ.

ಈ ವಾರ ನಿಮಗೊಂದು ಕೆಲಸ. ನಿಮ್ಮ ಬೀದಿಯ ಲೆಕ್ಕದ ಕಚೇರಿ, ದರ್ಜಿಯ ಅಂಗಡಿ ಅಥವಾ ಸೈಕಲ್ ರಿಪೇರಿಯವರು ನಕ್ಷೆಯಲ್ಲಿ ಎಲ್ಲಿದ್ದಾರೆ ಎಂದು ಹುಡುಕಿ. ನಾಮಫಲಕದೊಂದಿಗೆ ತಾಳೆ ನೋಡಿ. ತಪ್ಪಿದ್ದರೆ ಅವರಿಗೆ ಹೇಳಿ, ಕುಳಿತು ತಿದ್ದಲು ನೆರವಾಗಿ. ಅರ್ಧ ಗಂಟೆಯ ಕೆಲಸ. ಒಂದು ಮನೆಯ ಆದಾಯ ಅದನ್ನು ಅವಲಂಬಿಸಿರಬಹುದು.