ಗೊಟ್ಟದ ಕಷಾಯ, ಸೂಜಿಯ ಮದ್ದು: ಕೊಟ್ಟಿಗೆಯ ಒಂದಿಷ್ಟು ಚರಿತ್ರೆ

ಮೊನ್ನೆ ಕಾಲುಬಾಯಿ ಲಸಿಕೆ ಹಾಕುವವರು ನಮ್ಮ ಕೇರಿಗೆ ಬಂದಿದ್ದರು. ನಮ್ಮ ಕೊಟ್ಟಿಗೆ ಮುಗಿಸಿ ಆಚೆ ಮನೆಗೆ ಹೋದರೆ ಅಲ್ಲಿ ಬೇಡವೇ ಬೇಡ ಅಂದರು. "ನಾನು ದಿನಾ ಅಮೃತಬಳ್ಳಿ, ಅರಿಶಿನ ಕೊಡ್ತೆ ಮಾರಾಯ್ರೆ. ಸೂಜಿ ಹಾಕ್ಸಿದ್ರೆ ಎರಡು ದಿನ ಹಾಲು ಇಳೀತದೆ. ಯಾಕೆ ಬೇಕು ಅದು?" ಅವರು ದನವನ್ನು ಮಕ್ಕಳ ಹಾಗೆ ಸಾಕುವವರು, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ವಾದ ಮಾಡಲಿಲ್ಲ. ಆದರೆ ಅವರ ಪ್ರಶ್ನೆಗೆ ಉತ್ತರ ಹಳೇ ಕಥೆಯಲ್ಲೇ ಇದೆ ಅನ್ನಿಸಿತು. ಸ್ವಲ್ಪ ಉದ್ದ ಆಗಿದೆ, ಹಾಲು ಕರೆದಾದ ಮೇಲೆ ಪುರುಸೊತ್ತಿನಲ್ಲಿ ಓದಿ.

ಹಿರಿಯರ ಬಾಯಲ್ಲಿ "ದೊಡ್ಡರೋಗ" ಅಂತ ಕೇಳಿರಬಹುದು. ಜ್ವರ, ಬಾಯೆಲ್ಲ ಹುಣ್ಣು, ಆಮೇಲೆ ಭೇದಿ. ವಾರ ಹತ್ತು ದಿನದಲ್ಲಿ ಕೊಟ್ಟಿಗೆ ಖಾಲಿ. ಗದ್ದೆ ಹೂಡಲಿಕ್ಕೆ ಎತ್ತಿಲ್ಲ, ತೋಟಕ್ಕೆ ಗೊಬ್ಬರ ಇಲ್ಲ. ಆಗ ನಮ್ಮವರ ಹತ್ತಿರ ಗಿಡಮೂಲಿಕೆಗೆ ಬರ ಇತ್ತಾ? ಇಲ್ಲ. ಸೊಪ್ಪಿನ ಬೆಟ್ಟ ಮನೆ ಬೆನ್ನಿಗೇ ಇತ್ತು. ಬಿದಿರಿನ ಗೊಟ್ಟದಲ್ಲಿ ಕಷಾಯ ಹೊಯ್ಯಲು ಬರುವವರು ಈಗಿನದಕ್ಕಿಂತ ಹೆಚ್ಚೇ ಇದ್ದರು. ಆದರೂ ದೊಡ್ಡರೋಗ ನಿಲ್ಲಲಿಲ್ಲ.

ಸರ್ಕಾರಕ್ಕೂ ಇದರ ಬಿಸಿ ತಟ್ಟಿತ್ತು. ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. ದೇಶದ ಜಾನುವಾರು ಪಿಡುಗುಗಳ ಬಗ್ಗೆ ಬ್ರಿಟಿಷರು ನೇಮಿಸಿದ ಆಯೋಗದ ವರದಿ ಬಂದದ್ದು 1871ರಲ್ಲಿ. 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಾಲಯ ಶುರುವಾಯಿತು, 1893ರಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಈಗಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಅದೇ. ಅಲ್ಲಿ 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬುವರು ರೋಗದ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸುತ್ತಾ ಅದರ ಸೊಕ್ಕು ಇಳಿಸಿದರು. ಅದೇ ಆಡಿನ ಲಸಿಕೆ. 1954ರಲ್ಲಿ ದೇಶವಿಡೀ ಲಸಿಕೆ ಹಾಕುವ ಕಾರ್ಯಕ್ರಮ ಬಂತು. ಮುಂದೆ ಕೀನ್ಯಾದಲ್ಲಿ ಪ್ಲೋರೈಟ್ ಇನ್ನೂ ಸುರಕ್ಷಿತವಾದ ಲಸಿಕೆ ತಯಾರಿಸಿದರು. ಭಾರತದಲ್ಲಿ ಕೊನೆಯ ದೊಡ್ಡರೋಗ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಲೋಕವೇ ಅದರಿಂದ ಮುಕ್ತ ಎಂದು ಘೋಷಣೆ ಆಯಿತು. ಮನುಷ್ಯರ ಸಿಡುಬು ಬಿಟ್ಟರೆ ಭೂಮಿ ಮೇಲಿಂದ ಪೂರ್ತಿ ಹೋದ ರೋಗ ಇದೊಂದೇ.

ಹಾಗಾದರೆ ಗಿಡಮರಕ್ಕೆ ಈ ಕಥೆಯಲ್ಲಿ ಜಾಗವೇ ಇಲ್ವಾ? ಇದೆ. ಅದು ನಾವು ನೆನೆಸದ ಕಡೆ ಇದೆ.

ಫ್ರಾನ್ಸಿನಲ್ಲಿ ಗ್ಯಾಸ್ಟನ್ ರಾಮೋನ್ ಅಂತ ಒಬ್ಬ ಪಶುವೈದ್ಯರು ಕುದುರೆಗಳಿಗೆ ಚುಚ್ಚುಮದ್ದು ಕೊಟ್ಟು, ಅವುಗಳ ರಕ್ತದಿಂದ ಗಂಟಲಮಾರಿಗೆ ಮದ್ದು ತೆಗೆಯುತ್ತಿದ್ದರು. ಚುಚ್ಚಿದ ಜಾಗ ಊದಿಕೊಂಡ ಕುದುರೆಗಳಲ್ಲಿ ರೋಗ ತಡೆಯುವ ಶಕ್ತಿ ಜಾಸ್ತಿ ಬರುವುದನ್ನು ಅವರು ಗಮನಿಸಿದರು. 1925ರ ಸುಮಾರಿಗೆ ಬೇಕಂತಲೇ ಮದ್ದಿಗೆ ಏನೇನೋ ಬೆರೆಸಿ ನೋಡಿದರು. ಅದರಲ್ಲಿ ಒಂದು ಮರಗೆಣಸಿನ ಹಿಟ್ಟು, ನಾವು ಸಾಬಕ್ಕಿ ಮಾಡುವಂಥದ್ದೇ! ಇನ್ನೊಂದು ಸಪೋನಿನ್. ಸೀಗೆ, ಅಂಟುವಾಳ ಉಜ್ಜಿದರೆ ನೊರೆ ಬರುತ್ತದಲ್ಲ, ಆ ನೊರೆಯ ಸತ್ವ. ದಕ್ಷಿಣ ಅಮೆರಿಕದ ಚಿಲಿಯಲ್ಲಿ ಕ್ವಿಲ್ಲಾಯ ಅಂತ ಒಂದು ಮರ ಇದೆ, ಅದರ ತೊಗಟೆಯಲ್ಲಿ ಇದು ಹೇರಳ. 1950ರ ದಶಕದಿಂದ ಕಾಲುಬಾಯಿ ಲಸಿಕೆಗೇ ಸಪೋನಿನ್ ಬೆರೆಸುವ ರೂಢಿ ಬಂತು. ಈಗ ಮನುಷ್ಯರ ಸರ್ಪಸುತ್ತಿನ ಒಂದು ಲಸಿಕೆಯಲ್ಲೂ ಆ ಮರದ ಸತ್ವ ಇದೆ. ಅಂದರೆ ಮರದ ತೊಗಟೆ ಲಸಿಕೆಗೆ ಎದುರಾಳಿ ಆಗಿ ಬರಲಿಲ್ಲ, ಬಾಟಲಿಯೊಳಗೇ ಜೊತೆಗಾರನಾಗಿ ಬಂತು. (ಹಾಗಂತ ಯಾರೂ ಅಂಟುವಾಳ ಅರೆದು ದನಕ್ಕೆ ಕೊಡಬೇಡಿ. ಶುದ್ಧ ಮಾಡಿ ಅಳತೆಯಲ್ಲಿ ಹಾಕುವುದು ಬೇರೆ, ನಾವು ಅಂದಾಜಿನಲ್ಲಿ ಹೊಯ್ಯುವುದು ಬೇರೆ.)

ನಮ್ಮ ಕಣ್ಣೆದುರಿಗೇ ಆದದ್ದು ಚರ್ಮಗಂಟು ರೋಗ. 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡದ್ದು 2022ರಲ್ಲಿ ಕರ್ನಾಟಕದಲ್ಲೂ ಜೋರಾಗಿ ಹಬ್ಬಿತು. ಆಗ ಆಡಿನ ಸಿಡುಬಿನ ಲಸಿಕೆಯನ್ನೇ ದನಕ್ಕೆ ಹಾಕಿದರು. ರೋಗ ಬಂದ ದನಕ್ಕೆ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಹೇಳಿದ ಮನೆಮದ್ದು ನಮ್ಮ ತೋಟದ್ದೇ: 10 ವೀಳ್ಯದೆಲೆ, 10 ಗ್ರಾಂ ಕಾಳುಮೆಣಸು, 10 ಗ್ರಾಂ ಉಪ್ಪು ಅರೆದು ಬೆಲ್ಲದ ಜೊತೆ ತಿನ್ನಿಸುವುದು. ಲಸಿಕೆ ಇರುವುದು ರೋಗ ತಡೆಯಲಿಕ್ಕೆ, ಎಲೆಮೆಣಸು ಇರುವುದು ಬಿದ್ದ ದನ ಮೇವು ಮುಟ್ಟಿ ಏಳಲಿಕ್ಕೆ. ಎರಡೂ ಬೇರೆ ಬೇರೆ ಕೆಲಸ.

ಇನ್ನು ಲಸಿಕೆಯ ಶಕ್ತಿ ಹೆಚ್ಚಿಸುತ್ತದೆ ಅಂತ ಹಿಂಡಿಗೆ ಬೆರೆಸುವ ಅಮೃತಬಳ್ಳಿ, ಅಶ್ವಗಂಧ, ಬೆಳ್ಳುಳ್ಳಿ ಪುಡಿಗಳು. ಇವುಗಳ ಮೇಲೆ ಕೋಳಿಗಳಲ್ಲಿ ಬಹಳ ಪರೀಕ್ಷೆ ಆಗಿದೆ, ಕೆಲವು ಕಡೆ ಒಳ್ಳೆಯ ಫಲವೂ ಬಂದಿದೆ. ಆದರೆ ಗಿಡ ಬೆಳೆದ ಮಣ್ಣು, ಕೊಯ್ದ ಕಾಲ, ಕೊಟ್ಟ ಪ್ರಮಾಣ ಬದಲಾದರೆ ಫಲವೂ ಬದಲಾಗುತ್ತದೆ. ಒಂದು ಮಾತು ನೆನಪಿಡಿ: ಲಸಿಕೆ ಅಂದರೆ ವೈರಿಯ ಗುರುತು ತೋರಿಸುವುದು. ಗುರುತೇ ಸಿಗದ ಮೈಗೆ ಎಷ್ಟು ಪುಡಿ ತಿನ್ನಿಸಿದರೂ ಕಾಲುಬಾಯಿ ವೈರಸ್ ಯಾವುದು ಅಂತ ಗೊತ್ತಾಗುವುದಿಲ್ಲ.

"ದೊಡ್ಡರೋಗಕ್ಕೆ ಒಂದು ಸಲ ಸಾಕಾಗ್ತಿತ್ತು, ಇದಕ್ಕೆ ಯಾಕೆ ವರ್ಷಕ್ಕೆ ಎರಡು ಸಲ?" ಅಂತಲೂ ಕೇಳುತ್ತಾರೆ. ಅದು ಜೀವಂತ ವೈರಸ್ಸಿನ ಲಸಿಕೆ, ಶಕ್ತಿ ವರ್ಷಗಟ್ಟಲೆ ನಿಲ್ಲುತ್ತಿತ್ತು. ಕಾಲುಬಾಯಿಯದ್ದು ಸತ್ತ ವೈರಸ್ಸಿನದ್ದು, ತಿಂಗಳುಗಳಲ್ಲಿ ಇಳಿಯುತ್ತದೆ. 2019ರಿಂದ ಕೇಂದ್ರದ ಯೋಜನೆಯಲ್ಲಿ ಇದು ಪುಕ್ಕಟೆ ಸಿಗುತ್ತಿದೆ.

ಲಸಿಕೆ ಚೆನ್ನಾಗಿ ಹಿಡಿಯಬೇಕಾದರೆ ಮೊದಲು ನೋಡಬೇಕಾದ್ದು ಪುಡಿಯ ಡಬ್ಬಿ ಅಲ್ಲ, ಗೋದಲಿ. ಎರಡು ವಾರ ಮುಂಚೆ ಜಂತುವಿನ ಮದ್ದು ಹಾಕಿಸಿ. ನಮ್ಮ ಮಳೆಗಾಲದಲ್ಲಿ ಬೈಹುಲ್ಲು, ಶೇಂಗಾ ಹಿಂಡಿಗೆ ಬೂಷ್ಟು ಹಿಡಿಯುವುದು ಬೇಗ. ಆ ಬೂಷ್ಟಿನ ವಿಷ ದನದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಒಂದು ಕೈಯಲ್ಲಿ ಬೂಷ್ಟು ಹಿಂಡಿ, ಇನ್ನೊಂದು ಕೈಯಲ್ಲಿ ಅಮೃತಬಳ್ಳಿ ಕೊಟ್ಟರೆ ಏನು ಬಂತು?

ನಿನ್ನೆ ಸಂಜೆ ಆಚೆಮನೆಯವರ ಹತ್ತಿರ ಇಷ್ಟೇ ಹೇಳಿದೆ: "ನಿಮ್ಮ ಕಷಾಯ ನಿಲ್ಲಿಸಬೇಡಿ, ಸೂಜಿಯನ್ನೂ ಬಿಡಬೇಡಿ. ನಮ್ಮಿಬ್ಬರ ದನ ಮೇಯುವುದು ಒಂದೇ ಬೇಣದಲ್ಲಿ. ನಿಮ್ಮ ಕೊಟ್ಟಿಗೆಗೆ ಬಂದದ್ದು ನಮ್ಮ ಕೊಟ್ಟಿಗೆಗೂ ಬರ್ತದೆ." ಅವರು ಏನೂ ಅನ್ನಲಿಲ್ಲ. ಆದರೆ ಹೊರಡುವಾಗ, ಬಿಟ್ಟುಹೋದ ದನಗಳಿಗೆ ಹಾಕಲಿಕ್ಕೆ ಮತ್ತೆ ಯಾವತ್ತು ಬರ್ತಾರೆ ಅಂತ ಕೇಳಿದರು.