ಪ್ಯಾಂಟಿನ ಪೂರ್ವಾಶ್ರಮ

ದಿನವೂ ತೊಟ್ಟು ಕಳಚುವ ಪ್ಯಾಂಟಿನ ಹೆಸರು ಮೂಲದಲ್ಲಿ ಒಬ್ಬ ಸಂತನದು. ಈಗಿನ ಟರ್ಕಿಯ ನೆಲದಲ್ಲಿದ್ದ ನಿಕೊಮೀಡಿಯಾದ ವೈದ್ಯ ಪ್ಯಾಂಟಲಿಯೋನ್, 4ನೇ ಶತಮಾನದ ಆರಂಭದಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟನೆಂದು ಕ್ರೈಸ್ತರ ನಂಬಿಕೆ. ವೆನಿಸ್ ಜನಕ್ಕೆ ಅವನ ಮೇಲೆ ಬಹಳ ಭಕ್ತಿ. 16ನೇ ಶತಮಾನದಲ್ಲಿ ಇಟಲಿಯ ಕಾಮೆಡಿಯಾ ದೆಲಾರ್ತೆ ನಾಟಕ ತಂಡಗಳು ವೆನಿಸ್ಸಿನ ವ್ಯಾಪಾರಿಯೊಬ್ಬನ ಪಾತ್ರ ಕಟ್ಟಿದಾಗ ಅವನನ್ನು ಪ್ಯಾಂಟಲೋನೆ ಎಂದು ಕರೆದವು. ಕೊಕ್ಕೆಮೂಗಿನ ಮುಖವಾಡ, ಮೊನಚು ಗಡ್ಡ, ಕಪ್ಪು ನಿಲುವಂಗಿ, ಕೆಳಗೆ ಕಾಲಿಗೆ ಅಂಟಿಕೊಂಡ ಕೆಂಪು ಉಡುಪು, ಸೊಂಟದಲ್ಲಿ ಹಣದ ಚೀಲ. ಮುದುಕ, ಕಡುಜಿಪುಣ, ಹರೆಯದ ಹುಡುಗಿಯರ ಮೇಲೆ ಕಣ್ಣು ಬೇರೆ. ಯಕ್ಷಗಾನದಲ್ಲಿ ಕಿರೀಟ ಕಂಡೊಡನೆ ವೇಷ ಗೊತ್ತಾಗುವಂತೆ, ಕೆಂಪು ಕಾಲು ಕಂಡೊಡನೆ ಅಲ್ಲಿನ ಜನಕ್ಕೆ ಇವನ ಗುರುತು ಸಿಗುತ್ತಿತ್ತು. ಕೊನೆಗೆ ವೇಷದ ಹೆಸರೇ ಉಡುಪಿನ ಹೆಸರಾಯಿತು. ಫ್ರೆಂಚರ ಬಾಯಲ್ಲಿ ತಿರುಗಿ ಇಂಗ್ಲಿಷಿಗೆ ಬರುವಾಗ ಅದು ಪ್ಯಾಂಟಲೂನ್ಸ್.

ಅದನ್ನು ಪ್ಯಾಂಟ್ಸ್ ಎಂದು ಮೊಟಕು ಮಾಡಿದವರು ಅಮೆರಿಕನ್ನರು, 19ನೇ ಶತಮಾನದ ಮೊದಲರ್ಧದಲ್ಲಿ. ಕವಿ ಆಲಿವರ್ ವೆಂಡೆಲ್ ಹೋಮ್ಸ್ 1846ರ ಪದ್ಯವೊಂದರಲ್ಲಿ, ಇದು ದೊಡ್ಡ ಮನುಷ್ಯರು ಆಡುವ ಮಾತಲ್ಲವೆಂದು ಮೂಗು ಮುರಿದ. ಬ್ರಿಟನ್ನಿನಲ್ಲಂತೂ ಇಂದಿಗೂ ಪ್ಯಾಂಟ್ಸ್ ಎಂದರೆ ಹೆಚ್ಚಿನವರಿಗೆ ಒಳ ಉಡುಪು. ಹೊರಗೆ ತೊಡುವುದು ಟ್ರೌಸರ್ಸ್. ಲಂಡನ್ನಿಗೆ ಹೊಸದಾಗಿ ಹೋದ ನಮ್ಮ ಹುಡುಗರು ಇದನ್ನು ಬೇಗ ಕಲಿತರೆ ಒಳ್ಳೆಯದು.

ನಿಕ್ಕರಿನ ಕಥೆಯೂ ಇಂಥದ್ದೇ. ವಾಷಿಂಗ್ಟನ್ ಇರ್ವಿಂಗ್ 1809ರಲ್ಲಿ ನ್ಯೂಯಾರ್ಕಿನ ಇತಿಹಾಸ ಬರೆಯಲು ಇಟ್ಟುಕೊಂಡ ಹುಸಿ ಹೆಸರು ನಿಕ್ಕರ್‌ಬಾಕರ್. ಆ ಹೆಸರು ಅಲ್ಲಿನ ಹಳೆಯ ಡಚ್ಚರು ತೊಡುತ್ತಿದ್ದ ಮೊಣಕಾಲುದ್ದದ ಉಡುಪಿಗೆ ಅಂಟಿತು. ತುಂಡಾದ ಮೇಲೆ ಬ್ರಿಟನ್ನಿನಲ್ಲಿ ಹೆಂಗಸರ ಒಳ ಉಡುಪಾಯಿತು, ನಮ್ಮಲ್ಲಿ ಶಾಲೆ ಹುಡುಗರ ಚಡ್ಡಿಯಾಯಿತು.

ಕನ್ನಡ ಪ್ಯಾಂಟ್ಸ್ ಪದವನ್ನು ಬರಮಾಡಿಕೊಂಡ ಬಗೆ ನನಗೆ ಬಹಳ ಇಷ್ಟ. ಇಂಗ್ಲಿಷಿನಲ್ಲಿ ಅದು ಸದಾ ಬಹುವಚನ. ಬಟ್ಟೆ ಒಂದೇ ಆದರೂ ಜೋಡಿಯೆಂದು ಎಣಿಸಬೇಕು. ನಾವು ಕೊನೆಯ ಸಕಾರ ಉದುರಿಸಿ, ಉಕಾರ ಸೇರಿಸಿ, 'ಒಂದು ಪ್ಯಾಂಟು' ಎಂದೆವು. ಆಮೇಲೆ ವಿಭಕ್ತಿಗಳೆಲ್ಲ ತಾವಾಗಿ ಬಂದವು: ಪ್ಯಾಂಟಿಗೆ ಇಸ್ತ್ರಿ, ಪ್ಯಾಂಟಿನ ಜೇಬು. ಚಲ್ಲಣ ನಮ್ಮಲ್ಲಿ ಮೊದಲೇ ಇತ್ತು, ಆದರೆ ಪಾದದವರೆಗೆ ಇಳಿದ ಉಡುಪಿಗೆ ನಾವು ಹೊಸ ಮಾತನ್ನೇ ಒಪ್ಪಿಕೊಂಡೆವು. 'ಮಗ ಪಂಚೆ ಬಿಟ್ಟು ಪ್ಯಾಂಟು ಹಾಕಿದ' ಎಂದು ಊರಲ್ಲಿ ಹಿರಿಯರು ಹೇಳಿದರೆ ಓದು, ನೌಕರಿ, ಪೇಟೆ ಮೂರೂ ಅದರೊಳಗೇ ಬಂದುಬಿಡುತ್ತಿದ್ದವು. ಮದುವೆಯ ಉಡುಗೊರೆಯಲ್ಲಿ ಸೀರೆಯ ಪಕ್ಕ ಪ್ಯಾಂಟ್ ಪೀಸು, ಶರ್ಟ್ ಪೀಸು ಕೂತವು. ಒಂದು ಕಾಲಕ್ಕೆ ಗಂಡಸರದೇ ಆಗಿದ್ದ ಮಾತು ಈಗ ಹೆಣ್ಣುಮಕ್ಕಳ ಚೂಡಿದಾರದ ಕೆಳಭಾಗಕ್ಕೂ ಸಲ್ಲುತ್ತದೆ. ಟೈಲರು ಚೀಟಿಯಲ್ಲಿ ಬರೆದುಕೊಳ್ಳುವುದು ಟಾಪು, ಪ್ಯಾಂಟು, ವೇಲು ಎಂದೇ.