ಒಂದು ವೋಟು, ಒಂದು ರಾಜೀನಾಮೆ: ಡೊಮಿನಿಕಾದ ಆಥರ್ಟನ್ ಮಾರ್ಟಿನ್

2023ರ ಜುಲೈನಲ್ಲಿ ಯಶಸ್ವಿ ಜೈಸ್ವಾಲ್ ತನ್ನ ಮೊದಲ ಟೆಸ್ಟ್‌ನಲ್ಲೇ 171 ಹೊಡೆದದ್ದು ನೆನಪಿದೆಯಾ? ಅಶ್ವಿನ್ 12 ವಿಕೆಟ್ ತೆಗೆದ ಮ್ಯಾಚ್. ಆಫೀಸ್ ಕಾಲ್ ಮುಗಿಸ್ಕೊಂಡು ರಾತ್ರಿ ಕೂತು ನೋಡಿದವರು ನಮ್ಮಲ್ಲಿ ಬಹಳ ಜನ ಇರ್ತೀರಿ. ಆ ಮೈದಾನದ ಹೆಸರು ವಿಂಡ್ಸರ್ ಪಾರ್ಕ್, ಊರು ರೊಸೋ, ದೇಶ ಡೊಮಿನಿಕಾ. ಡೊಮಿನಿಕನ್ ರಿಪಬ್ಲಿಕ್ ಅಲ್ಲ, ಅದು ಬೇರೆ ದೇಶ.

ಆ ಸ್ಟೇಡಿಯಂ ಕಟ್ಟಿಸಿದ್ದು ಚೀನಾದ ದುಡ್ಡು. 2004ರಲ್ಲಿ ಡೊಮಿನಿಕಾ ತೈವಾನ್ ಜೊತೆಗಿನ ಸಂಬಂಧ ಕಡಿದುಕೊಂಡು ಚೀನಾಕ್ಕೆ ಮಾನ್ಯತೆ ಕೊಟ್ಟಿತು, 2007ರಲ್ಲಿ ಸ್ಟೇಡಿಯಂ ಉದ್ಘಾಟನೆಯಾಯ್ತು. ಸುಮಾರು 750 ಚದರ ಕಿಲೋಮೀಟರ್, ಎಪ್ಪತ್ತು ಸಾವಿರ ಜನ. ಇಷ್ಟು ಸಣ್ಣ ದೇಶದ ಹತ್ತಿರ ಎಣ್ಣೆ ಇಲ್ಲ, ಸೈನ್ಯ ಇಲ್ಲ. ಆದರೆ ಅಂತರರಾಷ್ಟ್ರೀಯ ಸಭೆಗಳಲ್ಲಿ ಒಂದು ವೋಟು ಇದೆ, ಮತ್ತು ಆ ವೋಟಿನ ತೂಕ ದೊಡ್ಡ ದೇಶದ ವೋಟಿನಷ್ಟೇ. ಇವತ್ತಿನ ಕಥೆ ಆ ಒಂದು ವೋಟಿನದ್ದು, ಅದಕ್ಕಾಗಿ ಮಂತ್ರಿಗಿರಿ ಬಿಟ್ಟ ಆಥರ್ಟನ್ ಮಾರ್ಟಿನ್ ಅವರದ್ದು.

ಮಾರ್ಟಿನ್ ಮೂಲತಃ ಕೃಷಿ ವಿಜ್ಞಾನಿ. ಡೊಮಿನಿಕಾ ಸ್ವತಂತ್ರವಾದದ್ದು 1978ರ ನವೆಂಬರ್ 3ಕ್ಕೆ. ಏಳೇ ತಿಂಗಳಲ್ಲಿ ಮೊದಲ ಪ್ರಧಾನಿ ಪ್ಯಾಟ್ರಿಕ್ ಜಾನ್ ವಿರುದ್ಧ ಜನ ಬೀದಿಗಿಳಿದರು. ಆ ಚಳವಳಿಯಲ್ಲಿ ರೈತ ಸಂಘದ ಪರವಾಗಿ ಮುಂದೆ ನಿಂತವರು ಮಾರ್ಟಿನ್. ಸರ್ಕಾರ ಬಿತ್ತು, ಆಲಿವರ್ ಸೆರಾಫಿನ್ ಅವರ ಮಧ್ಯಂತರ ಸರ್ಕಾರ ಬಂತು, ಮಾರ್ಟಿನ್ ಕೃಷಿ ಮಂತ್ರಿಯಾದರು. ಖುರ್ಚಿ ಬಿಸಿಯಾಗುವ ಮೊದಲೇ, ಆಗಸ್ಟ್ 29ರಂದು ಡೇವಿಡ್ ಚಂಡಮಾರುತ ಅಪ್ಪಳಿಸಿತು. ದೇಶದ ಮುಕ್ಕಾಲು ಪಾಲು ಜನ ಮನೆ ಕಳೆದುಕೊಂಡರು. ಬಾಳೆ ತೋಟಗಳೆಲ್ಲ ನೆಲಕ್ಕೊರಗಿದವು. ಬಾಳೆ ಅಂದ್ರೆ ಅಲ್ಲಿ ತಿನ್ನೋ ಹಣ್ಣು ಮಾತ್ರ ಅಲ್ಲ, ದೇಶದ ಸಂಬಳ. ಆದರೆ ಮಾರ್ಟಿನ್ ಆ ಮಂತ್ರಿಗಿರಿಯಲ್ಲಿ ಬಹಳ ದಿನ ಉಳಿಯಲಿಲ್ಲ. ಎಡಪಂಥೀಯ ಅನ್ನೋ ಗುಮಾನಿ ಅವರ ಮೇಲಿತ್ತು, ಕೆಲವೇ ತಿಂಗಳಲ್ಲಿ ಹೊರಗೆ ಹಾಕಿದರು. ಅಂದ್ರೆ ಮೊದಲ ಸಲ ಅವರಾಗಿ ಬಿಟ್ಟದ್ದಲ್ಲ.

ಮುಂದಿನ ವರ್ಷಗಳನ್ನು ಬೇಗ ದಾಟ್ತೀನಿ, ಯಾಕಂದ್ರೆ ನಿಜವಾದ ಜಗಳ ಶುರುವಾಗೋದು 1996ರಲ್ಲಿ. ಆಸ್ಟ್ರೇಲಿಯಾದ ಗಣಿ ದೈತ್ಯ ಬಿಎಚ್‌ಪಿ ಡೊಮಿನಿಕಾದಲ್ಲಿ ತಾಮ್ರ ಹುಡುಕುತ್ತಿತ್ತು. ಸರ್ಕಾರ ಅದಕ್ಕೆ ಅನುಕೂಲವಾಗೋ ಹಾಗೆ ಗಣಿ ಕಾನೂನನ್ನೇ ತಂದಿತು. ಯೋಜನೆಯ ವ್ಯಾಪ್ತಿ ದ್ವೀಪದ ಸುಮಾರು ಹತ್ತನೇ ಒಂದು ಭಾಗ. ಇಂಥ ಅದಿರಿನಲ್ಲಿ ತಾಮ್ರ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಇರೋದಿಲ್ಲ. ನೂರು ಲಾರಿ ಕಲ್ಲು ಅಗೆದರೆ ತೊಂಬತ್ತೊಂಬತ್ತು ಲಾರಿ ಕಸ. ಬೆಟ್ಟ ಬಿಟ್ಟರೆ ಸಮುದ್ರ ಅನ್ನೋ ಅಷ್ಟು ಕಡಿದಾದ, ವರ್ಷವಿಡೀ ಮಳೆ ಸುರಿಯೋ ದ್ವೀಪದಲ್ಲಿ ಆ ಕಸವನ್ನು ಎಲ್ಲಿಡ್ತೀರಿ? ಹೊಳೆಗೇ ಇಳಿಯಬೇಕು, ಹೊಳೆಯಿಂದ ಸಮುದ್ರಕ್ಕೆ.

ಡೊಮಿನಿಕಾ ಸಂರಕ್ಷಣಾ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್, ಬೇರೆ ಬೇರೆ ಗುಂಪುಗಳನ್ನು ಸೇರಿಸಿ ಇದನ್ನು ವಿರೋಧಿಸಿದರು. ನನಗೆ ಇಷ್ಟವಾಗೋದು ಅವರ ವಾದದ ದಾರಿ. ಕಾಡು ಚೆಂದ, ಗಿಳಿ ಚೆಂದ ಅಂತಷ್ಟೇ ನಿಲ್ಲಿಸಲಿಲ್ಲ (ಅವರ ಬಾವುಟದ ಮೇಲಿರೋದು ಸಿಸೆರೂ ಗಿಳಿ, ಅದು ಆ ದ್ವೀಪ ಬಿಟ್ಟು ಇನ್ನೆಲ್ಲೂ ಇಲ್ಲ). ಕೃಷಿಕರ ಮಣ್ಣು, ಕುಡಿಯೋ ನೀರು, ಪ್ರವಾಸೋದ್ಯಮದ ಆದಾಯ, ಈ ಲೆಕ್ಕ ಇಟ್ಟರು. ಕೊನೆಗೆ ಕಂಪನಿ ಹಿಂದೆ ಸರಿಯಿತು. 1997ರಲ್ಲಿ ಅಲ್ಲಿನ ಮಾರ್ನ್ ತ್ರುವಾ ಪಿತೋಂ ರಾಷ್ಟ್ರೀಯ ಉದ್ಯಾನ ಯುನೆಸ್ಕೋ ಪಟ್ಟಿಗೆ ಸೇರಿತು, 1998ರಲ್ಲಿ ಮಾರ್ಟಿನ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಪ್ರಶಸ್ತಿ ಪತ್ರದ ಕಥೆ ಆಗ್ತಿತ್ತು.

2000ದಲ್ಲಿ ರೋಸಿ ಡಗ್ಲಾಸ್ ಪ್ರಧಾನಿಯಾದರು. ಮಾರ್ಟಿನ್ ಮತ್ತೆ ಮಂತ್ರಿ: ಪರಿಸರ, ಯೋಜನೆ, ಕೃಷಿ, ಮೀನುಗಾರಿಕೆ. ಆ ಜುಲೈನಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ಸಭೆ. ದಕ್ಷಿಣ ಪೆಸಿಫಿಕ್‌ನಲ್ಲಿ ತಿಮಿಂಗಿಲಗಳಿಗೆ ಅಭಯಧಾಮ ಮಾಡಬೇಕು ಅನ್ನೋದು ಪ್ರಸ್ತಾವ. ಜಪಾನ್ ವಿರೋಧ. ಪೆಸಿಫಿಕ್ ತಿಮಿಂಗಿಲಕ್ಕೂ ಕೆರಿಬಿಯನ್ ದ್ವೀಪಕ್ಕೂ ಏನು ಸಂಬಂಧ? ಸಂಬಂಧ ದಡದ ಮೇಲೆ ಇತ್ತು. ರೊಸೋದ ಮೀನುಗಾರಿಕಾ ಸಂಕೀರ್ಣ ಕಟ್ಟಿಸಿಕೊಟ್ಟದ್ದು ಜಪಾನ್‌ನ ನೆರವು.

ಮತ್ತು ಆಗ ಡೊಮಿನಿಕಾದ ಕೈ ಖಾಲಿ. ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಕೆರಿಬಿಯನ್ ಬಾಳೆಗೆ ಸಿಗುತ್ತಿದ್ದ ವಿಶೇಷ ಅವಕಾಶದ ಮೇಲೆ ಅಮೆರಿಕ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳು ದೂರು ಕೊಟ್ಟು, 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಗೆದ್ದಿದ್ದವು. ಸಂಬಳ ಕಟ್ ಆದ ಮನೆಗೆ ಯಾರೋ ಬಂದು ಸಾಲ ಕೊಡ್ತೀನಿ, ಆದರೆ ನಾಳೆ ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ನನ್ನ ಪರ ಕೈ ಎತ್ತು ಅಂದ ಹಾಗೆ. ಬಡವರ ಮೇಲೆ ಬೆರಳು ತೋರಿಸೋ ಮೊದಲು ಇದನ್ನ ನೆನಪಿಡಬೇಕು.

ಮಾರ್ಟಿನ್ ಹೇಳಿದ ಪ್ರಕಾರ, ಡೊಮಿನಿಕಾ ತಟಸ್ಥವಾಗಿರಬೇಕು ಅಂತ ಸಂಪುಟ ತೀರ್ಮಾನಿಸಿತ್ತು. ಆದರೆ ಅಡಿಲೇಡ್‌ನಲ್ಲಿ ಡೊಮಿನಿಕಾ ಜಪಾನ್ ಪರ ವೋಟ್ ಹಾಕಿತು. ಪ್ರಸ್ತಾವದ ಪರ 18, ವಿರುದ್ಧ 11, ತಟಸ್ಥ 4. ಅಭಯಧಾಮಕ್ಕೆ ಬೇಕಾದದ್ದು ಚಲಾಯಿಸಿದ ವೋಟುಗಳ ಮುಕ್ಕಾಲು ಭಾಗ, ಹಾಗಾಗಿ ಬಿದ್ದುಹೋಯ್ತು.

ಇಲ್ಲಿ ನಾನು ಸ್ವಲ್ಪ ಲೆಕ್ಕ ಮಾಡಿದೆ, ಕೆಟ್ಟ ಅಭ್ಯಾಸ. ತಟಸ್ಥರನ್ನು ಬಿಟ್ಟರೆ 29ರಲ್ಲಿ 18, ಅಂದ್ರೆ ಶೇಕಡಾ 62. ಡೊಮಿನಿಕಾ ಒಂದೇ ತಟಸ್ಥವಾಗಿದ್ರೆ 28ರಲ್ಲಿ 18, ಶೇಕಡಾ 64. ಏನೂ ಬದಲಾಗ್ತಿರಲಿಲ್ಲ. ಆದರೆ ಜಪಾನ್ ಜೊತೆ ನಿಂತ ಪೂರ್ವ ಕೆರಿಬಿಯನ್ ದೇಶಗಳು ಆರು: ಆಂಟಿಗುವಾ, ಡೊಮಿನಿಕಾ, ಗ್ರೆನಡಾ, ಸೇಂಟ್ ಕಿಟ್ಸ್, ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್. ಆರೂ ಸುಮ್ಮನಿದ್ದಿದ್ದರೆ 23ರಲ್ಲಿ 18, ಶೇಕಡಾ 78. ಪಾಸ್! ಒಂದೊಂದು ದೇಶಕ್ಕೂ "ನಮ್ಮ ಒಂದು ವೋಟಿಂದ ಏನಾಗುತ್ತೆ" ಅನ್ನೋ ಸಮಾಧಾನ ಇತ್ತು, ಒಟ್ಟು ಮಾಡಿದರೆ ಫಲಿತಾಂಶವೇ ಅವರ ಕೈಲಿತ್ತು.

ಮಾರ್ಟಿನ್ ರಾಜೀನಾಮೆ ಕೊಟ್ಟರು. ನಾವು ಪೇಪರ್ ಹಾಕೋದು ಬೇರೆ, ಅಲ್ಲಿ ಇನ್ನೊಂದು ಆಫರ್ ಕೈಲಿರುತ್ತೆ, ಎಕ್ಸಿಟ್ ಇಂಟರ್‌ವ್ಯೂನಲ್ಲಿ "ವೈಯಕ್ತಿಕ ಕಾರಣ" ಅಂತ ಬರೀತೀವಿ. ಇವರು ಕಾರಣವನ್ನು ಬಹಿರಂಗವಾಗಿ ಹೇಳಿಯೇ ಹೊರಟರು: ನೆರವು ನಿಲ್ಲಿಸ್ತೀವಿ ಅನ್ನೋ ಒತ್ತಡದಿಂದ ಸಂಪುಟದ ತೀರ್ಮಾನ ಉಲ್ಟಾ ಆಯ್ತು ಅಂತ. ಜಪಾನ್ ಇದನ್ನು ಒಪ್ಪಲಿಲ್ಲ. ಮರುವರ್ಷ, 2001ರಲ್ಲಿ, ಜಪಾನ್ ಮೀನುಗಾರಿಕಾ ಇಲಾಖೆಯ ಮಸಾಯುಕಿ ಕೊಮಾತ್ಸು ಆಸ್ಟ್ರೇಲಿಯಾದ ಪ್ರಸಾರ ಸಂಸ್ಥೆಯೊಂದರ ಜೊತೆ ಮಾತಾಡ್ತಾ, ತಿಮಿಂಗಿಲ ಆಯೋಗದಲ್ಲಿ ಬೆಂಬಲ ಪಡೆಯೋಕೆ ನೆರವು ಒಂದು ಸಾಧನ ಅನ್ನೋ ಅರ್ಥದಲ್ಲಿ ಮಾತಾಡಿಬಿಟ್ಟರು. ಆ ಅರ್ಥ ಅಲ್ಲ ಅಂತ ಜಪಾನ್ ಸರ್ಕಾರ ಆಮೇಲೆ ನಿರಾಕರಿಸಿತು.

ರಾಜೀನಾಮೆಯಿಂದ ತಕ್ಷಣ ಏನಾಯ್ತು? ಏನೂ ಆಗಲಿಲ್ಲ. ಪ್ರಧಾನಿ ಡಗ್ಲಾಸ್ ಅದೇ ಅಕ್ಟೋಬರ್ 1ರಂದು ತೀರಿಕೊಂಡರು, ಡೊಮಿನಿಕಾ ಇನ್ನೂ ಕೆಲವು ವರ್ಷ ಜಪಾನ್ ಜೊತೆಗೇ ವೋಟ್ ಹಾಕ್ತಾ ಬಂತು. 2008ರಲ್ಲಿ ಪ್ರಧಾನಿ ರೂಸ್‌ವೆಲ್ಟ್ ಸ್ಕೆರಿಟ್, ಇನ್ನು ಮುಂದೆ ನಾವು ತಟಸ್ಥ ಅಂತ ಪ್ರಕಟಿಸಿದರು. "ಪ್ರಕೃತಿಯ ದ್ವೀಪ" ಅಂತ ಜಾಹೀರಾತು ಕೊಡೋ ದೇಶಕ್ಕೆ ಆ ವೋಟು ಹೊಂದೋದಿಲ್ಲ ಅನ್ನೋದು ಕಾರಣ. ಎಂಟು ವರ್ಷದ ಹಿಂದೆ ಮಾರ್ಟಿನ್ ಕೇಳಿದ್ದು ಅಷ್ಟೇ, ತಟಸ್ಥತೆ. ಅದು ಅವರಿಂದಲೇ ಆಯ್ತು ಅಂತ ನಾನು ಹೇಳೋದಿಲ್ಲ. ತಿಮಿಂಗಿಲ ನೋಡೋಕೆ ಬರೋ ಪ್ರವಾಸಿಗರ ದುಡ್ಡೂ ಅಷ್ಟೊತ್ತಿಗೆ ಮಾತಾಡ್ತಿತ್ತು.

ಆ ಟೆಸ್ಟ್ ಮ್ಯಾಚ್ ಆಗಿ ನಾಲ್ಕು ತಿಂಗಳಿಗೆ, 2023ರ ನವೆಂಬರ್‌ನಲ್ಲಿ, ಡೊಮಿನಿಕಾ ತನ್ನ ಪಶ್ಚಿಮ ಕಡಲಲ್ಲಿ ಸ್ಪರ್ಮ್ ತಿಮಿಂಗಿಲಗಳಿಗೆಂದೇ ಸುಮಾರು 800 ಚದರ ಕಿಲೋಮೀಟರ್ ಮೀಸಲು ಪ್ರದೇಶ ಘೋಷಿಸಿತು. ಜಗತ್ತಿನಲ್ಲೇ ಮೊದಲನೆಯದು, ದೇಶದ ನೆಲಕ್ಕಿಂತ ದೊಡ್ಡದು. ಅದರೊಳಗೆ ದೊಡ್ಡ ಹಡಗುಗಳಿಗೆ ಗೆರೆ ಎಳೆದ ದಾರಿ, ದೊಡ್ಡ ಪ್ರಮಾಣದ ಮೀನುಗಾರಿಕೆಗೆ ನಿಷೇಧ. ಊರಿನ ಸಣ್ಣ ದೋಣಿಯವರು ಮಾತ್ರ ಎಂದಿನಂತೆ ಮೀನು ಹಿಡಿಯಬಹುದು.